ಲೈಲ್ ಓಡೆಗಾರ್ಡ್ ತಕ್ಕಡಿ ಕೊಂಡದ್ದು

ಇಷ್ಟು ವರ್ಷ ಲೈಲ್ ಓಡೆಗಾರ್ಡ್ ನನ್ನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗಳ ಕಡೆ ತಿರುಗಿ ಕೂಡ ನೋಡಿದವನಲ್ಲ. ವೈರು ಇರುವುದಕ್ಕೆಲ್ಲ ಒಂದಲ್ಲ ಒಂದು ದಿನ ತಲೆ ಕೆಡುತ್ತದೆ ಅನ್ನುತ್ತಿದ್ದ. ಅಂಥವನು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಂದು, ಕೌಂಟರಿನ ಮುಂದೆ ಟೋಪಿ ತೆಗೆದು ನಿಂತು, "ನೆಲ್ಡಾ, ಆ ದರಿದ್ರ ಯಂತ್ರಗಳಲ್ಲಿ ಯಾವುದು ಕಮ್ಮಿ ಸುಳ್ಳು ಹೇಳುತ್ತೆ, ತೋರಿಸು" ಅಂದ. ನನಗೆ ನಗು ತಡೆಯಲಾಗಲಿಲ್ಲ. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ನಮ್ಮೂರು ಡ್ರೈ ಫೋರ್ಕ್‌ನಲ್ಲಿ ಇರುವುದು ಒಂದೇ ಹಾರ್ಡ್‌ವೇರ್ ಅಂಗಡಿ, ಅದು ನನ್ನದು. ನನ್ನ ಮಾವ ಶುರು ಮಾಡಿದ್ದು. ಮೊಳೆ, ಬೇಲಿ ತಂತಿ, ಕುದುರೆ ಲಾಳ, ಹಕ್ಕಿ ಕಾಳು, ಕೋವಿಮದ್ದು ಎಲ್ಲ ಒಂದೇ ಸೂರಿನಡಿ. ನಮ್ಮ ಕಡೆ ತೋಟಾಗಳನ್ನು ಅಂಗಡಿಯಲ್ಲಿ ಸಿದ್ಧವಾಗಿ ಕೊಳ್ಳುವವರು ಕಮ್ಮಿ. ಹಾರಿಸಿದ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ತಂದು, ತೊಳೆದು, ಮದ್ದು ತೂಗಿ ತುಂಬಿ, ಮೇಲೆ ಗುಂಡು ಕೂರಿಸಿ ಮತ್ತೆ ಹಾರಿಸುತ್ತಾರೆ. ಚರ್ಚಿನ ಊಟಕ್ಕೆ ಬೇಕರಿಯ ಕಡುಬು ತಂದವಳನ್ನು ಉಳಿದ ಹೆಂಗಸರು ಹೇಗೆ ನೋಡುತ್ತಾರೋ, ಡಬ್ಬಿ ತೋಟಾ ಕೊಳ್ಳುವವನನ್ನು ಇಲ್ಲಿಯ ಗಂಡಸರು ಹಾಗೆಯೇ ನೋಡುತ್ತಾರೆ.

ಆ ಗಂಡಸರಿಗೆಲ್ಲ ಗುರು ಲೈಲ್. ಮೂವತ್ತನಾಲ್ಕು ವರ್ಷ ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸಿದ. ಅವನು ಹಾದುಹೋದ ರಸ್ತೆಯ ಎರಡೂ ಅಂಚು ಹಗ್ಗ ಹಿಡಿದು ಗೆರೆ ಎಳೆದ ಹಾಗಿರುತ್ತಿತ್ತು. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ನಲವತ್ತು ವರ್ಷ ಬೇಟೆಯ ಪಾಠ ಹೇಳಿದ. ಈ ಊರಿನ ಅರ್ಧ ಜನ ಕೋವಿಯ ಬಾಯಿ ಯಾವ ಕಡೆ ಇರಬೇಕು ಅನ್ನುವುದನ್ನು ಅವನ ಹತ್ತಿರ ಬೈಸಿಕೊಂಡೇ ಕಲಿತವರು, ನನ್ನ ಇಬ್ಬರು ಹೆಣ್ಣುಮಕ್ಕಳೂ ಸೇರಿ. ಅವನ ಮದ್ದು ತುಂಬುವ ಮೇಜಿಗೆ ಬೇರೆಯೇ ಮಡಿ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ರೇಡಿಯೋ ಇಲ್ಲ, ಕಾಫಿ ಇಲ್ಲ. ತೂಗುವಾಗ ಯಾರೂ ಕೆಮ್ಮಬಾರದು.

ಅವನ ತಕ್ಕಡಿ ಹಳೇ ಮಾದರಿಯದು. ಗೇಣುದ್ದದ ಕಡ್ಡಿ, ಅದರ ಮೇಲೆ ಬೇಕಾದ ಅಂಕಿಗೆ ಸರಿಸುವ ಜಾರುತೂಕ, ಒಂದು ತುದಿಯಲ್ಲಿ ಮದ್ದಿನ ಬಟ್ಟಲು, ಇನ್ನೊಂದು ತುದಿಯಲ್ಲಿ ಮುಳ್ಳು. ಮುಳ್ಳು ಗೆರೆಗೆ ಸರಿಯಾಗಿ ನಿಂತರೆ ತೂಕ ಸರಿ. ಬರಿ ಬಟ್ಟಲಿಟ್ಟಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲುವ ಹಾಗೆ ಅಡಿಯಲ್ಲಿರುವ ಒಂದು ತಿರುಪನ್ನು ತಿರುಗಿಸಿ ಹೊಂದಿಸಬೇಕು. ಬೇರೆಯವರು ಕೂತಾಗಲೆಲ್ಲ ಈ ಕೆಲಸ ಮಾಡುತ್ತಾರೆ. ಲೈಲ್ ೧೯೮೭ರಲ್ಲಿ ಒಂದೇ ಒಂದು ಸಲ ಮಾಡಿ, ಮತ್ತೆ ಯಾರೂ ಮುಟ್ಟದಿರಲಿ ಅಂತ ತಿರುಪಿನ ಮೇಲೆ ಹೆಂಡತಿ ಆರ್ಡಿಸಳ ಕೆಂಪು ನೇಲ್ ಪಾಲಿಶ್ ಸುರಿದು ಗಟ್ಟಿ ಮಾಡಿಬಿಟ್ಟಿದ್ದ. "ಸೊನ್ನೆ ನೋಡ್ಕೊಳ್ಳೋದು ತನ್ನ ಮೇಲೆ ತನಗೇ ನಂಬಿಕೆ ಇಲ್ದೋರು" ಅನ್ನುವುದು ಅವನ ಮಾತು. ಜನ ಅದನ್ನು ಬೈಬಲ್ ವಾಕ್ಯದ ಹಾಗೆ ಒಪ್ಪಿಸುತ್ತಿದ್ದರು.

ಲೈಲ್ ಈ ತಕ್ಕಡಿ ಕೊಂಡ ದಿನವೇ ಅದರ ಜೋಡಿಯನ್ನು ನನ್ನ ಮಾವನ ಕೈಯಿಂದ ಕೊಂಡವನು ವರ್ನ್ ಪಿಟ್ಸರ್. ಲೈಲ್ ಮತ್ತು ವರ್ನ್ ಅಂದರೆ ಒಂದೇ ಜೀವ. ಇಪ್ಪತ್ತಮೂರು ವರ್ಷ ಒಂದೇ ಡೇರೆಯಲ್ಲಿ ಮಲಗಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆ ಆಡಿದವರು. ಭಾನುವಾರ ವರ್ನ್ ತನ್ನ ತಕ್ಕಡಿಯ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಲೈಲ್ ಮನೆಗೆ ಹೋಗುತ್ತಿದ್ದ. ಇಬ್ಬರೂ ಪಕ್ಕಪಕ್ಕ ಕೂತು ತೂಗುತ್ತಿದ್ದರು. ಎರಡೂ ತಕ್ಕಡಿ ನೋಡಲು ತದ್ರೂಪು ಅಂತ ಆರ್ಡಿಸ್ ತನ್ನ ಗಂಡನ ಬಟ್ಟಲಿನ ತಳಕ್ಕೆ ಅದೇ ನೇಲ್ ಪಾಲಿಶಿನ ಒಂದು ಚುಕ್ಕೆ ಇಟ್ಟಿದ್ದಳು. "ಗಂಡಂಗೂ ಒಂದು ಚುಕ್ಕೆ ಇಡ್ಬೇಕಿತ್ತು, ಡೇರೆಯಿಂದ ಅದಲು ಬದಲಾಗಿ ಬಂದ್ರೆ ಏನ್ ಮಾಡ್ಲಿ" ಅಂತ ನನ್ನ ಹತ್ತಿರ ನಗುತ್ತಾ ಹೇಳಿದ್ದಳು. ಅವಳು ಹೋಗಿ ಈಗ ಆರು ವರ್ಷ.

ಹನ್ನೊಂದು ವರ್ಷದ ಹಿಂದೆ ವರ್ನ್ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಎಲ್ಕ್ ಬೇಟೆ ಹತ್ತಿರ ಬಂದಿತ್ತು. ಇಬ್ಬರೂ ಎಂದಿನಂತೆ ಮೇಜಿಗೆ ಕೂತರು, ಎರಡೂ ತಕ್ಕಡಿ ಹೊರಗೆ ತೆಗೆದರು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ವರ್ನ್ ಪರದಾಡುವುದನ್ನು ನೋಡಿ ಲೈಲ್ ತಾನೇ ಅವನಿಗೆ ಇಪ್ಪತ್ತು ತೋಟಾ ತುಂಬಿಕೊಟ್ಟ. ತನಗೆ ಲೈಲ್ ಯಾವತ್ತೂ ಮಿತಿಗಿಂತ ಸಾಕಷ್ಟು ಕಮ್ಮಿಯೇ ತುಂಬಿಕೊಳ್ಳುವವನು. ವರ್ನ್‌ಗೆ ಮಾತ್ರ ಮದ್ದಿನ ಪುಸ್ತಕ ಹೇಳಿದ ಕೊನೆಯ ಮಿತಿಯವರೆಗೂ ಬೇಕು. ಪ್ಲಾಸ್ಟರ್ ಬಿಚ್ಚಿದ ಎರಡನೇ ದಿನ ಇಬ್ಬರೂ ಗುರಿ ನೋಡಲು ಊರಿನ ಬೇಟೆ ಕ್ಲಬ್ಬಿನ ಮೈದಾನಕ್ಕೆ ಹೋದರು. ಎರಡು ಗುಂಡು ಹಾರಿಸಿ ವರ್ನ್, "ಚಿಪ್ಪು ಹೊರಗೆ ತೆಗೆಯೋ ಹಿಡಿ ಎತ್ತಕ್ಕೇ ಆಗ್ತಿಲ್ಲ, ಯಾಕೋ ಬಿಗಿ" ಅಂದನಂತೆ. "ಚಳಿಗೆ ಮಾರಾಯ, ಹೊಡಿ" ಅಂದನಂತೆ ಲೈಲ್. ಮೂರನೆಯದು ಕೋವಿಯ ಹಿಂದಿನಿಂದ ಸಿಡಿಯಿತು. ವರ್ನ್‌ನ ಬಲಗಣ್ಣು ಹೋಯಿತು.

ಆಮೇಲೆ ಕ್ಲಬ್ಬಿನ ಸಭೆ ಸೇರಿತು. ಉಳಿದ ಹದಿನೇಳು ತೋಟಾಗಳನ್ನು ಲೈಲ್ ನಮ್ಮೆಲ್ಲರ ಮುಂದೆ ಒಂದೊಂದಾಗಿ ಬಿಚ್ಚಿದ. ಒಳಗಿನ ಮದ್ದನ್ನು ಅದೇ ತಕ್ಕಡಿಯಲ್ಲಿ ತೂಗಿದ. ಹದಿನೇಳೂ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. "ಇವು ನಾನು ತುಂಬಿದ್ದು. ಆ ಮೂರು ನನ್ನವಲ್ಲ, ಅವನೇ ಏನೋ ಬೆರೆಸಿ ತುಂಬ್ಕೊಂಡಿದ್ದು. ವರ್ನ್ ಮೇಜಿನ ಮೇಲೆ ಎರಡೆರಡು ಡಬ್ಬಿ ತೆರೆದಿಟ್ಟಿದ್ದನ್ನ ನಾನೇ ಕಂಡಿದ್ದೀನಿ" ಅಂದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ವರ್ನ್ ಎದ್ದುನಿಂತ. ನಾನು ಬೇರೇನೂ ಬೆರೆಸಿಲ್ಲ ಅಂದ. ಇನ್ನೂ ಏನೋ ಹೇಳಲು ಹೋದ, ನಾವು ಬಿಡಲಿಲ್ಲ. ಅವನು ಇನ್ನು ಮೈದಾನಕ್ಕೆ ಕಾಲಿಡಬಾರದು, ಇನ್ನು ಲೈಲ್ ಜೊತೆ ಮಕ್ಕಳಿಗೆ ಪಾಠ ಹೇಳಬಾರದು ಅಂತ ಕೈ ಎತ್ತಿ ತೀರ್ಮಾನ ಮಾಡಿದೆವು. ನನ್ನ ಕೈಯೂ ಎದ್ದಿತ್ತು. ತಡವಾಗಿ ಎದ್ದಿತು ಅಂತ ಸುಳ್ಳು ಹೇಳುವುದಿಲ್ಲ, ಎಲ್ಲರಿಗಿಂತ ಮೊದಲೇ ಎದ್ದಿತ್ತು.

ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ವರ್ನ್ ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬಂದು ಹಕ್ಕಿಗಳಿಗೆ ಸೂರ್ಯಕಾಂತಿ ಬೀಜ ಒಯ್ಯುತ್ತಾನೆ. ಅವನ ಮನೆಯ ಜಗುಲಿಯ ಮೇಲೆ ಬೇಟೆ ಡೇರೆಯ ಎರಡು ಮಡಚುಕುರ್ಚಿಗಳು ರಸ್ತೆಯ ಕಡೆ ಮುಖ ಮಾಡಿ ಸದಾ ಬಿಚ್ಚಿಯೇ ಇರುತ್ತವೆ. ಒಂದರಲ್ಲಿ ಅವನು ಕೂರುತ್ತಾನೆ. ಇನ್ನೊಂದು ಯಾರಿಗೆ ಅಂತ ಕೇಳಿ ಗೇಲಿ ಮಾಡಿದವರಿಗೆ, "ನಿಮ್ಮಂಥೋರಿಗಲ್ಲ" ಅನ್ನುತ್ತಾನೆ.

ಮಾರ್ಚ್‌ನಲ್ಲಿ ಲೈಲ್ ಯಂತ್ರ ಕೇಳಿಕೊಂಡು ಬಂದದ್ದು ಕಣ್ಣಿನ ದೆಸೆಯಿಂದ. ಎಪ್ಪತ್ತನಾಲ್ಕಾಗಿತ್ತು, ಮುಳ್ಳು ಕಾಣುತ್ತಿರಲಿಲ್ಲ. "ಒಂದು ಗೆರೆ ಎರಡಾಗಿ ಕಾಣುತ್ತೆ. ದೊಡ್ಡ ಅಂಕಿ ಇರೋದು ಬೇಕು" ಅಂದ. ನಾನು ಮೂರು ಯಂತ್ರ ಇಳಿಸಿದೆ. ಮೂರರ ಕೆಲಸವೂ ಒಂದೇ. ಮೇಲಿನ ಕೊಳವೆಗೆ ಮದ್ದು ತುಂಬಿ ಎಷ್ಟು ಬೇಕು ಅಂತ ಒತ್ತಿದರೆ, ತಾನೇ ಕಾಳು ಕಾಳಾಗಿ ಸುರಿದು, ತಾನೇ ತೂಗಿ, ಸರಿಯಾದ ತೂಕಕ್ಕೆ ನಿಲ್ಲುತ್ತದೆ.

"ಇದೇನು, ಕಾಫಿ ಮಷೀನಾ?" ಅಂದ ಮೊದಲನೆಯದನ್ನು ನೋಡಿ.

"ಕಾಫಿನೂ ಕೊಡುತ್ತೆ, ಕುಡಿದ್ರೆ ಸೀದಾ ಸ್ವರ್ಗ" ಅಂದೆ.

"ಇದು ಯಾಕೆ ಹೀಗೆ ನಡುಗ್ತಿದೆ? ಅಂಕಿ ನಿಲ್ತಾನೇ ಇಲ್ಲ."

"ಅರ್ಧ ಗಂಟೆ ಕಾವೇರ್ಬೇಕು. ನಿನ್ನ ಹಾಗೇ, ಬೆಳಿಗ್ಗೆ ಎದ್ದ ಕೂಡ್ಲೇ ಮಾತಾಡಲ್ಲ."

ಬಾಗಿಲಿನ ಗಾಳಿ ತಾಗಿದರೆ ಅಂಕಿ ಅಲುಗುತ್ತದೆ ಅಂತ ಬಾಗಿಲು ಹಾಕಿಸಿದ. ಹೀಟರಿನ ಫ್ಯಾನ್ ಆರಿಸಿದ. ಟ್ಯೂಬ್‌ಲೈಟ್ ಆರಿಸಿದ. ನನ್ನ ಮೊಬೈಲನ್ನು ಬಣ್ಣದ ಡಬ್ಬಿಗಳ ಹಿಂದೆ ಬಚ್ಚಿಡಿಸಿದ. "ಉಸಿರಾಡ್ಬಹುದಾ ಸ್ವಾಮಿ?" ಅಂತ ಕೇಳಿದೆ. "ಆ ಕಡೆ ತಿರುಗಿ ಆಡು" ಅಂದ. ನಾನು ಕೋಟು ಹಾಕಿಕೊಂಡು ಅರೆಗತ್ತಲೆಯಲ್ಲಿ ನಿಂತೆ. ನಿಜ ಹೇಳಬೇಕೆಂದರೆ ಆ ಒಂದು ಗಂಟೆ ನನಗೆ ಖುಷಿಯಾಗಿತ್ತು. ಇಂಥ ಶಿಸ್ತಿನ ಮನುಷ್ಯ ನಮ್ಮ ಊರಲ್ಲಿ ಇದ್ದಾನಲ್ಲ ಅನ್ನಿಸಿತ್ತು.

ಆಮೇಲೆ ಟ್ರಕ್ಕಿಗೆ ಹೋಗಿ ತನ್ನ ಹಳೇ ತಕ್ಕಡಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. "ಇದರ ಎದುರು ನಿಲ್ಲಿಸಿ ನೋಡ್ತೀನಿ. ಯಾವುದು ಇದರ ಮಾತು ಒಪ್ಪುತ್ತೋ ಅದನ್ನ ಒಯ್ತೀನಿ."

ತಕ್ಕಡಿಯಲ್ಲಿ ನಲವತ್ತೈದು ಗ್ರೇನ್ ಮದ್ದು ತೂಗಿದ. ಗ್ರೇನ್ ಅಂದರೆ ಒಂದು ಗುಲಗಂಜಿಯ ಅರ್ಧದಷ್ಟು ತೂಕ. ಮುಳ್ಳನ್ನು ಅವನ ಪರವಾಗಿ ನಾನು ನೋಡಿ ಹೇಳಿದೆ. ಆ ಮದ್ದನ್ನು ಮೊದಲ ಯಂತ್ರದ ತಟ್ಟೆಗೆ ಸುರಿದ. ನಲವತ್ತೆಂಟು ಅಂತ ತೋರಿಸಿತು.

"ತಗೋ, ಮೂರು ಗ್ರೇನ್ ಸುಳ್ಳು" ಅಂದ. ಎರಡನೆಯದಕ್ಕೆ ಸುರಿದ. ನಲವತ್ತೆಂಟು. ಮೂರನೆಯದಕ್ಕೂ ನಲವತ್ತೆಂಟೇ.

"ಮೂರೂ ಒಂದೇ ಕಳ್ಳರ ಗುಂಪು" ಅಂದ ಲೈಲ್.

"ಬೇರೆ ಬೇರೆ ಕಂಪನಿಯವು ಕಣೋ. ಮೂರೂ ಸೇರ್ಕೊಂಡು ಒಂದೇ ಸುಳ್ಳು ಹೇಳ್ತವಾ?" ಅಂದೆ. ಆಗಲೂ ನಾನು ತಮಾಷೆಯಾಗಿಯೇ ಇದ್ದೆ. ಷೆಲ್ಫಿನಿಂದ ಮಟ್ಟ ನೋಡುವ ಕೊಳವೆ ತಂದು ಕೌಂಟರಿನ ಮೇಲಿಟ್ಟೆ. ಗುಳ್ಳೆ ಸರಿಯಾಗಿ ನಡುವಿನಲ್ಲಿತ್ತು. ತೂಕದ ಬಿಲ್ಲೆಗಳ ಡಬ್ಬಿ ಒಡೆದು, ಐವತ್ತು ಗ್ರೇನಿನ ಬಿಲ್ಲೆಯನ್ನು ಅವನ ತಕ್ಕಡಿಗೆ ಹಾಕಿದೆ. ಮುಳ್ಳು ಗೆರೆಗೆ ಬರಲು ಜಾರುತೂಕವನ್ನು ನಲವತ್ತೇಳಕ್ಕೆ ಇಳಿಸಬೇಕಾಯಿತು. ಬಿಲ್ಲೆ ತೆಗೆದು, ಬರಿ ಬಟ್ಟಲಿಟ್ಟು, ಜಾರುತೂಕವನ್ನು ಸೊನ್ನೆಗೆ ತಂದೆ. ಮುಳ್ಳು ಸೊನ್ನೆಯಲ್ಲಿ ನಿಲ್ಲಲಿಲ್ಲ.

ಲೈಲ್ ನನ್ನ ಮುಖವನ್ನೂ ನೋಡಲಿಲ್ಲ, ಯಂತ್ರವನ್ನೂ ನೋಡಲಿಲ್ಲ. ಕೈ ಚಾಚಿ ಬಟ್ಟಲನ್ನು ಕೊಕ್ಕೆಯಿಂದ ತೆಗೆದು ತಿರುವಿ, ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ತಳವನ್ನು ಸವರಿದ, ಮತ್ತೆ ಸವರಿದ.

"ನೆಲ್ಡಾ, ಚುಕ್ಕೆ ಕಾಣುತ್ತಾ ನಿನಗೆ?" ಅಂದ.

ಇರಲಿಲ್ಲ. ಅದು ಆರ್ಡಿಸ್ ಗುರುತು ಹಾಕಿದ ಬಟ್ಟಲಲ್ಲ, ವರ್ನ್‌ನ ಬಟ್ಟಲು. ಮೂರು ಗ್ರೇನ್ ಹಗುರದ್ದು. ವರ್ನ್‌ಗೆ ತೋಟಾ ತುಂಬಿಕೊಟ್ಟ ದಿನ ಮೇಜಿನ ಮೇಲೆ ಅದಲು ಬದಲಾಗಿತ್ತು. ಪಾಲಿಶ್ ಸುರಿದು ಗಟ್ಟಿ ಮಾಡಿದ ತಕ್ಕಡಿಯಲ್ಲಿ ಆ ಬಟ್ಟಲಿಟ್ಟು ತೂಗಿದ ಒಂದೊಂದು ತೋಟಾಕ್ಕೂ ಮೂರು ಗ್ರೇನ್ ಹೆಚ್ಚು ಬಿದ್ದಿತ್ತು. ಸಭೆಯಲ್ಲಿ ಆ ಹದಿನೇಳನ್ನು ತೂಗಿದ್ದೂ ಅದೇ ಬಟ್ಟಲಿನಲ್ಲಿ, ಅದಕ್ಕೇ ಎಲ್ಲವೂ ಸರಿ ಬಂದಿದ್ದವು. ಸುಳ್ಳನ್ನು ಸುಳ್ಳಿನಿಂದಲೇ ಅಳೆದು ನಾವು ಒಬ್ಬ ಮನುಷ್ಯನನ್ನು ಊರಿನಿಂದ ಹೊರಗಿಟ್ಟ ಹಾಗೆ ಇಟ್ಟಿದ್ದೆವು.

ಲೈಲ್ ಬೀಜದ ಮೂಟೆಯ ಮೇಲೆ ಕೂತ. "ನಾನೇ ಹೇಳ್ತೀನಿ ವರ್ನ್‌ಗೆ. ನಾನೇ ಹೇಳ್ಬೇಕಾದ್ದು. ನೀನು ಬಾಯಿ ಹಾಕ್ಬೇಡ" ಅಂದ. ಆಯ್ತು ಅಂದೆ. ಅದು ನ್ಯಾಯವೇ ಅನ್ನಿಸಿತು. ಅವನ ಮೇಲೆ ಮರುಕವೂ ಬಂತು, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಮಧ್ಯದ ಯಂತ್ರ ಒಯ್ದ, ಎಲ್ಲಕ್ಕಿಂತ ದೊಡ್ಡ ಅಂಕಿಯದು. ಹಳೇ ತಕ್ಕಡಿಯನ್ನು ಕೌಂಟರಿನ ಮೇಲೆಯೇ ಬಿಟ್ಟು, "ಎಸೆದುಬಿಡು" ಅಂದ. ನಾನು ಎಸೆಯಲಿಲ್ಲ.

ಒಂದು ವಾರ ಕಾದೆ, ಎರಡು ವಾರ ಕಾದೆ. ಏಪ್ರಿಲ್‌ನಲ್ಲಿ ವರ್ನ್ ಬೀಜಕ್ಕೆ ಬಂದ. ಹವಾ ಬಗ್ಗೆ ಮಾತಾಡಿದ, ಹಳದಿ ಹಕ್ಕಿಗಳು ಇನ್ನೂ ಬಂದಿಲ್ಲ ಅಂದ, ಮೂಟೆ ಹೊತ್ತುಕೊಂಡು ಹೋದ. ಅವನಿಗೆ ಏನೂ ಗೊತ್ತಿರಲಿಲ್ಲ. ಇತ್ತ ಲೈಲ್ ಬಂದಾಗಲೆಲ್ಲ ಯಂತ್ರದ ಗುಣಗಾನ ಮಾಡುತ್ತಿದ್ದ. ಎಷ್ಟು ಚುರುಕು, ಎಷ್ಟು ನಿಖರ, ಮೊದಲೇ ಕೊಳ್ಳಬೇಕಿತ್ತು ಅಂತ. ಮೇ ತಿಂಗಳಲ್ಲಿ ಕ್ಲಬ್ಬಿನವರು ಮೈದಾನಕ್ಕೆ ಲೈಲ್‌ನ ಹೆಸರಿಡುವ ನಿರ್ಧಾರ ಮಾಡಿದರು, ನಲವತ್ತು ವರ್ಷದ ಸೇವೆಗೆ. ಹಲಗೆ ಬರೆಯಲು ಬಣ್ಣವನ್ನು ನನ್ನ ಅಂಗಡಿಯಿಂದಲೇ ಒಯ್ದರು.

ಅವತ್ತು ಅವನನ್ನು ಮೊಳೆಗಳ ಸಾಲಿನಲ್ಲಿ ಅಡ್ಡಗಟ್ಟಿದೆ. "ಹೇಳಿದ್ಯಾ?"

"ಸಮಯ ನೋಡ್ತಿದ್ದೀನಿ."

"ಎರಡು ತಿಂಗಳಾಯ್ತು ಲೈಲ್."

"ನೋಡು ನೆಲ್ಡಾ, ಹನ್ನೊಂದು ವರ್ಷ ಆಗಿದೆ. ಅವನು ಹೊಂದ್ಕೊಂಡಿದ್ದಾನೆ. ಹಕ್ಕಿ ಪಕ್ಕಿ ಅಂತ ನೆಮ್ಮದಿಯಾಗಿದ್ದಾನೆ. ಈಗ ಹೇಳಿದ್ರೆ ಕಣ್ಣು ವಾಪಸ್ ಬರುತ್ತಾ? ವಾಸಿಯಾದ ಗಾಯ ಯಾಕೆ ಕೆರೀಬೇಕು?"

"ಯಾರ ಗಾಯ ವಾಸಿಯಾಗಿರೋದು? ನಿಂದಾ, ಅವನದಾ?"

"ಜೂನ್ ಕಳೀಲಿ" ಅಂದ, ನೆಲ ನೋಡುತ್ತಾ. ಜೂನ್‌ನಲ್ಲಿ ಹಲಗೆ ಏರಬೇಕಿತ್ತು.

ಊರಿಗೆ ಈ ಸಂಗತಿ ತಿಳಿದದ್ದು ಸಣ್ಣ ಕಥೆ, ಮೊದಲೇ ಹೇಳಿ ಮುಗಿಸುತ್ತೇನೆ. ಜೂನ್ ಸಭೆಯಲ್ಲಿ ನಾನು ಅಂಗಡಿಯಲ್ಲಿ ಕಂಡದ್ದನ್ನು ಹೇಳಿ, ಲೈಲ್ ಬಿಟ್ಟುಹೋದ ತಕ್ಕಡಿ ಮತ್ತು ಚುಕ್ಕೆಯ ಬಟ್ಟಲನ್ನು ಎಲ್ಲರ ಮುಂದಿಟ್ಟು ತೂಗಿ ತೋರಿಸಿದೆ. ಹಲಗೆ ಏರಲಿಲ್ಲ. ಕೆಲವರು ವರ್ನ್‌ನ ಕ್ಷಮೆ ಕೇಳಲು ಹೋದರು, ಅವನು ಬಾಗಿಲು ತೆರೆಯಲಿಲ್ಲ. ಲೈಲ್ ಈಗ ಮದ್ದು ಕೊಳ್ಳಲು ನಲವತ್ತು ಮೈಲಿ ದೂರದ ಊರಿಗೆ ಹೋಗುತ್ತಾನೆ. ಅದೆಲ್ಲ ಇರಲಿ. ನನ್ನ ಎದೆಯಲ್ಲಿ ಕೂತಿರುವುದು ಅದಕ್ಕೂ ಮೊದಲು, ಮೇ ಕೊನೆಯ ವಾರ ನಡೆದದ್ದು.

ಲೈಲ್‌ನ ಮಾತು ಕೇಳಿದ ಮಾರನೇ ದಿನವೇ ನಾನು ಅಂಗಡಿ ಮುಚ್ಚಿ ವರ್ನ್ ಮನೆಗೆ ಹೋದೆ. ದೊಡ್ಡ ನ್ಯಾಯ ಕೊಡಿಸಲು ಹೊರಟವಳ ಹಾಗೆ ಹೋದೆ. ಅವನು ಜಗುಲಿಯ ಅಂಚಿನಲ್ಲಿ ಹಕ್ಕಿಗಳ ಡಬ್ಬಿಗೆ ಕಾಳು ತುಂಬುತ್ತಿದ್ದ. ಲೈಲ್ ಬಿಟ್ಟುಹೋದ ಬಟ್ಟಲನ್ನು ಕಟಕಟೆಯ ಮೇಲೆ ಬೋರಲಾಗಿಟ್ಟೆ. ಅವನು ಕೈ ಒರೆಸಿಕೊಂಡು, ಇದ್ದ ಒಂದು ಕಣ್ಣಿನಿಂದ ನೋಡಿದ. ಗ್ಯಾರೇಜಿಗೆ ಹೋಗಿ ತನ್ನ ತಕ್ಕಡಿಯ ಪೆಟ್ಟಿಗೆ ತಂದು, ಅದರಲ್ಲಿದ್ದ ಬಟ್ಟಲನ್ನು ಪಕ್ಕದಲ್ಲಿ ಬೋರಲಾಗಿಟ್ಟ. ತಳದಲ್ಲಿ ಆರ್ಡಿಸಳ ಕೆಂಪು ಚುಕ್ಕೆ.

"ನಿನಗೆ ಗೊತ್ತಿತ್ತಾ?" ಅಂದೆ.

"ಆಸ್ಪತ್ರೆಯಿಂದ ಬಂದ ಮೇಲೆ ನೋಡ್ದೆ. ಆ ಸಭೆ ದಿನ ಇದು ನನ್ನ ಕೋಟಿನ ಜೇಬಲ್ಲೇ ಇತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

"ತೆಗೆಯೋಕೇ ಎದ್ದಿದ್ದು. 'ಸಾಕು ವರ್ನ್, ಕೂತ್ಕೋ, ಇನ್ನೂ ಮರ್ಯಾದೆ ಕಳ್ಕೋಬೇಡ' ಅಂತ ಒಬ್ಬಳು ಹಿಂದಿನ ಸಾಲಿಂದ ಕೂಗಿದ್ಲು." ಅವನು ನಕ್ಕ. "ನೀನೇ ಕಣೇ ಅದು."

ನಾನೇ. ನನಗೆ ಮರೆತುಹೋಗಿತ್ತು. ನೋಡಿ, ಕೂಗಿದವಳಿಗೆ ಮರೆತುಹೋಗಿತ್ತು.

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ" ಅಂದೆ.

"ಆಮೇಲೆ ಹೇಳಿದ್ರೆ ನಂಬ್ತಿದ್ರಾ? ಮನೇಲಿ ಕೂತು ತಾನೇ ಪಾಲಿಶ್ ಹಚ್ಕೊಂಡ ಅಂತಿದ್ರಿ." ಅವನು ಚುಕ್ಕೆಯ ಬಟ್ಟಲನ್ನು ಬೆರಳಿನಿಂದ ಅತ್ತಿತ್ತ ಸರಿಸಿದ. "ಅದೂ ಅಲ್ದೆ ಲೈಲ್‌ಗೆ ಗೊತ್ತಿರ್ಲಿಲ್ಲ ನೆಲ್ಡಾ. ಗೊತ್ತಿಲ್ದೆ ಆಡಿದ ಮಾತು. ಒಂದಲ್ಲ ಒಂದಿನ ಬಟ್ಟಲು ತಿರುವಿ ನೋಡ್ತಾನೆ. ನೋಡಿದ ಘಳಿಗೇಲಿ ಟೋಪಿನೂ ಹಾಕ್ಕೊಳ್ದೆ ಸೀದಾ ಇಲ್ಲಿಗೆ ಓಡಿ ಬರ್ತಾನೆ. ಇಪ್ಪತ್ತಮೂರು ವರ್ಷ ಒಂದೇ ಡೇರೇಲಿ ಮಲಗಿದ್ದೀವಿ, ನನಗೆ ಗೊತ್ತಿಲ್ವಾ ಅವನು? ಅದಕ್ಕೇ ಕಾದೆ."

ನಾನು ಆ ಖಾಲಿ ಕುರ್ಚಿಯನ್ನು ನೋಡಿದೆ. ಅವನು ನನ್ನನ್ನು ನೋಡಿದ.

"ಇದು ನಿನ್ನ ಕೈಗೆ ಹೇಗೆ ಬಂತು?" ಅಂದ.

ಅಂಗಡಿ ನಡೆಸುವವಳು ನಾನು, ದಿನಕ್ಕೆ ಹತ್ತು ಸಣ್ಣ ಸುಳ್ಳು ಸಲೀಸಾಗಿ ಹೇಳುತ್ತೇನೆ. ಲೈಲ್ ಹಳೇ ಸಾಮಾನು ಮಾರಿದ, ಅದರಲ್ಲಿ ಸಿಕ್ಕಿತು ಅನ್ನಬಹುದಿತ್ತು. ಅವತ್ತು ಹಾಳಾದ ಸತ್ಯವೇ ಬಾಯಿಗೆ ಬಂತು.

"ಅವನೇ ತಿರುವಿ ನೋಡಿದ. ನನ್ನ ಅಂಗಡೀಲಿ."

ವರ್ನ್ ತಟ್ಟನೆ ರಸ್ತೆಯ ಕಡೆ ಕತ್ತು ತಿರುಗಿಸಿದ. "ಯಾವಾಗ? ಇವತ್ತಾ?"

"ಮಾರ್ಚ್‌ನಲ್ಲಿ."

ಅಂಗಳದಲ್ಲಿ ಲೈಲಾಕ್ ಹೂ ಬಿಟ್ಟಿತ್ತು. ವರ್ನ್ ರಸ್ತೆಯನ್ನು ನೋಡುತ್ತಲೇ ಇದ್ದ. ಹನ್ನೊಂದು ವರ್ಷ ಅವನ ಹತ್ತಿರ ಉಳಿದಿದ್ದದ್ದು ಒಂದೇ ಒಂದು, ಗೆಳೆಯನಿಗೆ ಗೊತ್ತಿಲ್ಲ ಅನ್ನುವ ನಂಬಿಕೆ. ಕಣ್ಣನ್ನು ಲೈಲ್‌ನ ತಕ್ಕಡಿ ತೆಗೆದಿತ್ತು, ಮರ್ಯಾದೆಯನ್ನು ನಾವೆಲ್ಲ ತೆಗೆದಿದ್ದೆವು. ಉಳಿದ ಇದೊಂದನ್ನು ನಾನು ನ್ಯಾಯದ ಹೆಸರಿನಲ್ಲಿ ಮನೆ ಬಾಗಿಲಿಗೇ ಬಂದು ತೆಗೆದಿದ್ದೆ.

"ಮಾರ್ಚ್" ಅಂದ ಅವನು. ತನ್ನ ಬಟ್ಟಲನ್ನು ಪೆಟ್ಟಿಗೆಯೊಳಗಿಟ್ಟು, ಚುಕ್ಕೆಯದನ್ನು ನನ್ನ ಕೈಗೆ ಕೊಟ್ಟ. "ಇದು ಅವನದು, ಒಯ್ದು ಕೊಡು."

ಆಮೇಲೆ ಜಗುಲಿಯ ಆ ಇನ್ನೊಂದು ಕುರ್ಚಿಯ ಹತ್ತಿರ ಹೋದ. ಹನ್ನೊಂದು ವರ್ಷದ ಬಿಸಿಲು ಹಿಮಕ್ಕೆ ಅದರ ಕೀಲುಗಳು ತುಕ್ಕು ಹಿಡಿದಿದ್ದವು, ಮಡಚಲು ಬರಲಿಲ್ಲ. ಮೊಣಕಾಲು ಒತ್ತಿ, ಬಲ ಹಾಕಿ ಮಡಚಿದ. ಗ್ಯಾರೇಜಿನ ಗೋಡೆಯಲ್ಲಿ ಒಂದು ಮೊಳೆಗೆ ಅದನ್ನು ನೇತುಹಾಕಿ ಬಂದು, ಹಕ್ಕಿಗಳ ಡಬ್ಬಿಗೆ ಉಳಿದ ಕಾಳು ತುಂಬಿದ.